ಗುಡ್ಡ ಉಳಿಸಿ ಅಂತ ಅರ್ಜಿ ಬರೆಯುವ ಮೊದಲು ಅದರ ಸುತ್ತ ಒಮ್ಮೆ ನಡೆದು ಬನ್ನಿ

ನಾನು ಸರ್ವೆ ಇಲಾಖೆಯಲ್ಲಿ 31 ವರ್ಷ ದುಡಿದು ನಿವೃತ್ತನಾದವನು. ಊರು ಚಿತ್ರದುರ್ಗ. ಹೊಳಲ್ಕೆರೆ, ಹೊಸದುರ್ಗದ ನಡುವೆ ಇರುವ ಒಂದು ಗುಡ್ಡದ ಸಾಲಿಗೆ ರಕ್ಷಣೆ ಸಿಗಲಿ ಅಂತ ಆರು ವರ್ಷದಿಂದ ಓಡಾಡುತ್ತಿದ್ದೇನೆ. ಗುಡ್ಡದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೆಲಸ ಇನ್ನೂ ಅರ್ಧ ದಾರಿಯಲ್ಲಿದೆ. ಹೆಸರು ಹೊರಗೆ ಬಂದರೆ ಜಮೀನು ದಲ್ಲಾಳಿಗಳು ನನಗಿಂತ ಮೊದಲು ಅಲ್ಲಿಗೆ ಹೋಗಿ ಕೂತಿರುತ್ತಾರೆ.

ಈಚೆಗೆ ಜಗಳೂರು ಕಡೆಯಿಂದ, ಚನ್ನಗಿರಿ ಕಡೆಯಿಂದ ಹುಡುಗರು ಫೋನ್ ಮಾಡುತ್ತಾರೆ. "ಸಾರ್, ನಮ್ಮ ಗುಡ್ಡಕ್ಕೂ ನ್ಯಾಷನಲ್ ಪಾರ್ಕ್ ಮಾಡಿಸೋದು ಹೇಗೆ?" ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾವು ಮಾಡಿದ ತಪ್ಪು ಕೇಳಿ. ನಾನು, ಒಬ್ಬ ಔಷಧಿ ಅಂಗಡಿಯವರು, ಬ್ಯಾಂಕಿನಿಂದ ನಿವೃತ್ತರಾದ ಗೆಳೆಯರು, ಇಬ್ಬರು ಕಾಲೇಜು ಮೇಡಂಗಳು, ಒಂದಷ್ಟು ವಿದ್ಯಾರ್ಥಿಗಳು. ಗುಡ್ಡದ ನೆತ್ತಿಯ ಕಲ್ಲುಗಳ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ನಂಬರ್ ಬರೆದಿದ್ದರು. ನಮ್ಮ ಜಿಲ್ಲೆಯಲ್ಲಿ ಹಾಗೆ ನಂಬರ್ ಕಂಡರೆ ಮೊದಲು ನೆನಪಾಗುವುದು ಗಣಿ. ಗಾಬರಿ ಬಿದ್ದೆವು. ಬಸ್ ಸ್ಟ್ಯಾಂಡ್ ಹತ್ತಿರ ಟೇಬಲ್ ಹಾಕಿ, ಫ್ಲೆಕ್ಸ್ ಕಟ್ಟಿ, ಎರಡು ಭಾನುವಾರದಲ್ಲಿ 1,140 ಸಹಿ ಮಾಡಿಸಿದೆವು. "ಈ ಗುಡ್ಡವನ್ನು ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಿ" ಅಂತ ಮನವಿ ಕೊಟ್ಟು ಫೋಟೊ ತೆಗೆಸಿಕೊಂಡೆವು. ಐದು ವಾರದ ನಂತರ ಗುಡ್ಡದ ಬುಡದ ಹಟ್ಟಿಗಳಿಂದ ಇನ್ನೊಂದು ಮನವಿ ಹೋಯಿತು. ಅದರಲ್ಲಿ 212 ಸಹಿ, ಅರ್ಧಕ್ಕಿಂತ ಜಾಸ್ತಿ ಹೆಬ್ಬೆಟ್ಟು. "ಗುಡ್ಡಕ್ಕೆ ಬೇಲಿ ಹಾಕಬೇಡಿ" ಅಂತ ಒಂದೇ ಸಾಲು. ಅಧಿಕಾರಿಯೊಬ್ಬರು ಎರಡನ್ನೂ ಮೇಜಿನ ಮೇಲೆ ಇಟ್ಟು ಕೇಳಿದರು: "ಇದು ಬಸ್ ಸ್ಟ್ಯಾಂಡಿಂದು. ಇದು ಗುಡ್ಡದ್ದು. ಯಾವುದನ್ನ ಮೇಲೆ ಇಡಲಿ, ನೀವೇ ಹೇಳಿ."

ನಾವು ಬಾಯಿ ಮುಚ್ಚಿಕೊಂಡು ಬಂದೆವು. ಒಂದು ವರ್ಷ ಹಾಗೇ ಹೋಯಿತು.

ಮೊದಲು ಗಡಿ

ನನ್ನ ವೃತ್ತಿಯ ಚಾಳಿ ಅನ್ನಿ, ಯಾವುದೇ ಜಾಗದ ಮಾತು ಬಂದರೆ ನಾನು ಮೊದಲು ಚೆಕ್ಕುಬಂದಿ ಕೇಳುತ್ತೇನೆ. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು? ನಾವು ಮನವಿ ಕೊಟ್ಟ ದಿನ ನಮ್ಮಲ್ಲಿ ಒಬ್ಬರಿಗೂ ಇದಕ್ಕೆ ಉತ್ತರ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ನಾಚಿಕೆಯ ವಿಷಯ.

ಗುಡ್ಡದ ಸುತ್ತ ಯಾವ ಯಾವ ಊರಿನ ಎಲ್ಲೆ ಸೇರುತ್ತದೆ, ಪಟ್ಟಿ ಮಾಡಿ. ಪ್ರತಿ ಊರಿನ ಗ್ರಾಮ ನಕ್ಷೆ ತೆಗೆದುಕೊಳ್ಳಿ. ಗುಡ್ಡ ಮುಟ್ಟುವ ಸರ್ವೆ ನಂಬರುಗಳನ್ನು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪ್ರತಿ ನಂಬರಿನ ಪಹಣಿ ತೆಗೆಸಿ, ಎದುರಿಗೆ ಅದು ಏನು ಅಂತ ಬರೆಯಿರಿ: ರಿಸರ್ವ್ ಫಾರೆಸ್ಟಾ, ಗೋಮಾಳವಾ, ಕಾವಲಾ (ದನ ಮೇಯಲು ಬಿಟ್ಟ ಸರ್ಕಾರಿ ಹುಲ್ಲುಗಾವಲು), ಖರಾಬಾ (ಸಾಗುವಳಿಗೆ ಬಾರದ ಜಾಗ), ಪಟ್ಟಾ ಜಮೀನಾ. ಮಾಲೀಕರ ಹೆಸರು ಇರುವ 9ನೇ ಕಾಲಂ ಎಲ್ಲರೂ ನೋಡುತ್ತಾರೆ. 11ನೇ ಕಾಲಮ್ಮನ್ನೂ ಓದಿ, ಇತರರ ಹಕ್ಕು ಮತ್ತು ಋಣಗಳು ಇರುವುದು ಅಲ್ಲಿ. ಬಗರ್ ಹುಕುಂ ಅರ್ಜಿಗಳನ್ನು, ಅಂದರೆ ಉಳುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಅಂತ ಹಾಕಿದ ಅರ್ಜಿಗಳನ್ನು ಮರೆಯಬೇಡಿ. ಫಾರಂ 50, 53, 57 ಹಾಕಿ ವರ್ಷಗಟ್ಟಲೆ ಕಾಯುತ್ತಿರುವವರು ಗುಡ್ಡದ ಅಂಚಿನಲ್ಲೇ ಇರುತ್ತಾರೆ. ಅವರ ಹೆಸರು ಪಹಣಿಯಲ್ಲಿ ಇರುವುದಿಲ್ಲ, ನೇಗಿಲು ಮಾತ್ರ ಭೂಮಿಯಲ್ಲಿ ಇರುತ್ತದೆ.

ಆಮೇಲೆ ನಡೆಯಿರಿ. ಫೋನಿನಲ್ಲಿ ದಿಶಾಂಕ್ ಆಪ್ ಹಾಕಿಕೊಂಡರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ನಮ್ಮ ಕಾಲದಲ್ಲಿ 33 ಅಡಿ ಸರಪಳಿ ಎಳೆದು, ಗಡಿಯ ಬಾಂದು ಕಲ್ಲು ಹುಡುಕಿ ಹುಡುಕಿ ಸಾಯುತ್ತಿದ್ದೆವು. ಈಗಿನವರು ಪುಣ್ಯವಂತರು. ಆದರೂ ಆಪನ್ನೇ ಪೂರ್ತಿ ನಂಬಬೇಡಿ, ಕೆಲವು ಕಡೆ ಹತ್ತಿಪ್ಪತ್ತು ಅಡಿ ಆಚೀಚೆ ಆಗುತ್ತದೆ. ಮೂರು ಊರಿನ ಗಡಿ ಸೇರುವ ಕಡೆ ಹಳೇ ಕಲ್ಲು ಇರುತ್ತದೆ, ಅದನ್ನು ಹುಡುಕಿ ತಾಳೆ ನೋಡಿ. ನಮ್ಮ ಗುಡ್ಡಕ್ಕೆ ಒಂಬತ್ತು ಊರು. ಸುತ್ತಳತೆ 38 ಕಿಲೋಮೀಟರ್. ಬುಡದಲ್ಲೇ, ಬಂಡಿ ದಾರಿಯಲ್ಲಿ ಏಳು ಭಾನುವಾರ ನಡೆದೆವು. ಅನುಮತಿ ಇಲ್ಲದೆ ರಿಸರ್ವ್ ಫಾರೆಸ್ಟಿನ ಒಳಗೆ ಹೋಗಬೇಡಿ. ಕಾಡು ಉಳಿಸುವವರ ಮೇಲೆ ಅರಣ್ಯ ಮೊಕದ್ದಮೆ ಬಿದ್ದರೆ ನಗೆಪಾಟಲು. ಔಷಧಿ ಅಂಗಡಿಯವರು ಹೊಸ ಬಿಳಿ ಶೂ ಹಾಕಿಕೊಂಡು ಬಂದಿದ್ದರು. ಎರಡನೇ ಭಾನುವಾರ ಕಾರೆ ಮುಳ್ಳು ಶೂ ದಾಟಿ ಕಾಲಿಗೆ ಇಳಿಯಿತು. ಮೂರನೇ ಭಾನುವಾರ ಟೈರಿನ ಚಪ್ಪಲಿ ಹಾಕಿಕೊಂಡು ಬಂದರು.

ನಡೆದಾಗ ಸಿಕ್ಕಿದ್ದು ಇಷ್ಟು. ಗುಡ್ಡದ ನೆತ್ತಿ, ನಡು ರಿಸರ್ವ್ ಫಾರೆಸ್ಟ್. ಬುಡದ ಒಂದು ಪಟ್ಟಿ ಗೋಮಾಳ. ಉತ್ತರಕ್ಕೆ 40 ಎಕರೆ ಅರಣ್ಯದವರ ನಕ್ಷೆಯಲ್ಲೂ ಇದೆ, ಕಂದಾಯದವರ ನಕ್ಷೆಯಲ್ಲೂ ಇದೆ. ಹನ್ನೊಂದು ಕುಟುಂಬ ಅಲ್ಲಿ ಶೇಂಗಾ ಬೆಳೆಯುತ್ತಿದ್ದಾರೆ. ನಾವು ಬಸ್ ಸ್ಟ್ಯಾಂಡಿನಲ್ಲಿ ಸಹಿ ಮಾಡಿಸಿದ್ದು ಅವರ ಹೊಲವನ್ನೂ ಸೇರಿಸಿಕೊಂಡು!

ಯಾವ ಹೆಸರು ಕೇಳಬೇಕು

ನ್ಯಾಷನಲ್ ಪಾರ್ಕ್ ಅನ್ನುವುದು ಕೇಳಲು ಚೆನ್ನಾಗಿದೆ. ಎಲ್ಲರೂ ಅದನ್ನೇ ಕೇಳುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಒಮ್ಮೆ ಕೂತು ಓದಿ, ಆಮೇಲೆ ಕೇಳಿ.

35ನೇ ಕಲಮ್ಮಿನಲ್ಲಿ ರಾಷ್ಟ್ರೀಯ ಉದ್ಯಾನದ ವಿಷಯ ಇದೆ. ಅಲ್ಲಿ ದನ, ಕುರಿ ಮೇಯಿಸುವಂತಿಲ್ಲ. ಒಳಗೆ ಬಿಡುವ ಹಾಗೂ ಇಲ್ಲ. ಜನರ ಹಕ್ಕುಗಳೆಲ್ಲ ಸರ್ಕಾರಕ್ಕೆ ಸೇರಿದ ಮೇಲೆಯೇ ಕೊನೆಯ ಅಧಿಸೂಚನೆ. ವನ್ಯಜೀವಿ ಧಾಮ ಆದರೆ 24ನೇ ಕಲಮ್ಮಿನಲ್ಲಿ ಒಂದು ಸಣ್ಣ ಕಿಂಡಿ ಇದೆ. ಕೆಲವು ಹಕ್ಕುಗಳನ್ನು ಮುಂದುವರಿಸಲು ಜಿಲ್ಲಾಧಿಕಾರಿ ಒಪ್ಪಬಹುದು. ರಾಷ್ಟ್ರೀಯ ಉದ್ಯಾನಕ್ಕೆ ಆ ಕಿಂಡಿಯನ್ನು ಕಾಯ್ದೆಯೇ ಮುಚ್ಚಿದೆ. ಮೂರನೆಯದು ಸಂರಕ್ಷಣಾ ಮೀಸಲು ಪ್ರದೇಶ, 36ಎ ಕಲಂ. ಇದು ಸರ್ಕಾರಿ ಜಾಗಕ್ಕೆ ಮಾತ್ರ. ಸ್ಥಳೀಯರ ಜೊತೆ ಮಾತಾಡಿಯೇ ಘೋಷಿಸಬೇಕು. ಅದರ ಸಮಿತಿಯಲ್ಲಿ ಆಯಾ ಗ್ರಾಮ ಪಂಚಾಯಿತಿಯ ಒಬ್ಬೊಬ್ಬ ಪ್ರತಿನಿಧಿ ಕೂರುತ್ತಾರೆ. ಬಲ ಸ್ವಲ್ಪ ಕಡಿಮೆ, ಒಪ್ಪುತ್ತೇನೆ.

ನಮ್ಮ ಸುತ್ತಮುತ್ತಲೇ ನೋಡಿ. ಜೋಗಿಮಟ್ಟಿ ಊಟಿ ಇದ್ದಂಗೆ ಅಂತ ನಾವು ಎಷ್ಟು ಕೊಚ್ಚಿಕೊಂಡರೂ ಅದು ರಾಷ್ಟ್ರೀಯ ಉದ್ಯಾನ ಅಲ್ಲ. 2015ರಲ್ಲಿ ವನ್ಯಜೀವಿ ಧಾಮ ಆಯಿತು, ಸುಮಾರು 100 ಚದರ ಕಿಲೋಮೀಟರ್. ಜಗಳೂರಿನ ರಂಗಯ್ಯನದುರ್ಗ ಕೊಂಡುಕುರಿ ಅನ್ನುವ ನಾಲ್ಕು ಕೊಂಬಿನ ಹುಲ್ಲೆಗಾಗಿ 2011ರಲ್ಲಿ ಆದ ಧಾಮ. ಕಡೂರು ಕಡೆಯ ಬಾಸೂರು ಅಮೃತಮಹಲ್ ಕಾವಲು, ಮಧುಗಿರಿ ತಾಲೂಕಿನ ಜಯಮಂಗಲಿ ಎರಡೂ ಕೃಷ್ಣಮೃಗಕ್ಕೆ ಮೀಸಲು ಪ್ರದೇಶಗಳು. ಇಡೀ ಕರ್ನಾಟಕದಲ್ಲಿ ರಾಷ್ಟ್ರೀಯ ಉದ್ಯಾನ ಇರುವುದು ಐದೇ. ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಅಣಶಿ, ಕುದುರೆಮುಖ.

ಕುದುರೆಮುಖದ ಕಥೆ ದಾವಣಗೆರೆಯವರಿಗೆ ಗೊತ್ತಿರಬೇಕು, ಅವರ ಭತ್ತದ ಗದ್ದೆಗೆ ನೀರು ಕೊಡುವ ಭದ್ರೆ ಹುಟ್ಟುವುದು ಅಲ್ಲಿಯೇ. 1987ರಲ್ಲಿ ಮೊದಲ ಅಧಿಸೂಚನೆ ಬಂತು. ಕೊನೆಯ ಅಧಿಸೂಚನೆ ಬಂದದ್ದು 2001ರಲ್ಲಿ. ನಡುವೆ ಹದಿನಾಲ್ಕು ವರ್ಷ. ಪರಿಸರದವರು ಬೀದಿಗೂ ಇಳಿದರು, ಕೋರ್ಟಿಗೂ ಹೋದರು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು, 2005ರ ಕೊನೆಗೆ ಕಬ್ಬಿಣದ ಅದಿರು ತೆಗೆಯುವುದು ನಿಂತಿತು. ಅದೇ ಕಾಲದಲ್ಲಿ ಒಳಗಿನ ಹಳ್ಳಿಗಳವರು ನಮ್ಮನ್ನು ಎಬ್ಬಿಸುತ್ತಾರೆ ಅಂತ ಉದ್ಯಾನದ ವಿರುದ್ಧವೇ ಹೋರಾಟ ಮಾಡಿದರು. ಎರಡೂ ನಿಜ. ಒಂದನ್ನೇ ಹೇಳುವವರನ್ನು ನಾನು ನಂಬುವುದಿಲ್ಲ.

ಕಾಲೇಜು ಮೇಡಂ ಒಬ್ಬರು ಅಮೆರಿಕದ ಗ್ರೇಟ್ ಸ್ಮೋಕಿ ಮೌಂಟನ್ಸ್ ಬಗ್ಗೆ ಓದಿಕೊಂಡು ಬಂದು ಹೇಳಿದರು. ಅದು ಜನರೇ ಎದ್ದು ಮಾಡಿಸಿದ ಪರ್ವತ ಪಾರ್ಕ್. 1923ರಲ್ಲಿ ನಾಕ್ಸ್‌ವಿಲ್ ಊರಿನ ಡೇವಿಸ್ ದಂಪತಿ ಪಶ್ಚಿಮದ ಪಾರ್ಕುಗಳನ್ನು ನೋಡಿಕೊಂಡು ಬಂದು, ನಮ್ಮ ಬೆಟ್ಟಕ್ಕೆ ಯಾಕಿಲ್ಲ ಅಂತ ಶುರು ಮಾಡಿದರಂತೆ. ಹೊರೇಸ್ ಕೆಫರ್ಟ್ ಅನ್ನುವ ಬರಹಗಾರ ಬರೆದ. ಜಪಾನಿನಿಂದ ಬಂದ ಜಾರ್ಜ್ ಮಾಸಾ ಬೆನ್ನಿಗೆ ಕ್ಯಾಮೆರಾ ಹೊತ್ತು ಬೆಟ್ಟವೆಲ್ಲ ಸುತ್ತಿ ಫೋಟೊ ತೆಗೆದ. ಜನ ಚಂದಾ ಕೊಟ್ಟರು, ಎರಡು ರಾಜ್ಯಗಳು ದುಡ್ಡು ಹಾಕಿದವು. ಸಾಲದೆ ಬಂದಾಗ ರಾಕ್‌ಫೆಲ್ಲರ್ ತಾಯಿಯ ಹೆಸರಿನ ನಿಧಿಯಿಂದ 50 ಲಕ್ಷ ಡಾಲರ್ ಕೊಟ್ಟರು. 1934ರಲ್ಲಿ ಪಾರ್ಕ್ ಆಯಿತು. ಆ ಬೆಟ್ಟ ಪೂರ್ತಿ ಖಾಸಗಿಯವರ ಕೈಲಿತ್ತು, ಆರು ಸಾವಿರಕ್ಕೂ ಜಾಸ್ತಿ ತುಂಡು ಜಮೀನು ಕೊಳ್ಳಬೇಕಾಯಿತು ಅಂದರು. ಆರು ಸಾವಿರ ಪೋಡಿ, ಅಂದರೆ ಅಷ್ಟು ತುಂಡನ್ನೂ ಅಳೆದು ಬೇರೆ ಮಾಡುವ ಕೆಲಸ! ಅಲ್ಲಿಯ ಸರ್ವೆಯವರ ಪಾಡು ನೆನೆದು ನನಗೆ ನಗು ಬಂತು. ಆಮೇಲೆ ಮೇಡಂ ಕೇಡ್ಸ್ ಕೋವ್ ಅನ್ನುವ ಕಣಿವೆಯ ಮಾತು ತೆಗೆದರು. ರೈತರು ಬಿಟ್ಟು ಹೋಗಬೇಕಾಯಿತು. ಒಬ್ಬ ವರ್ಷಗಟ್ಟಲೆ ಕೋರ್ಟಿನಲ್ಲಿ ಬಡಿದಾಡಿ ಸೋತ. ಈಗ ಅಲ್ಲಿ ಅವರ ಚರ್ಚು, ಕಣಜ ಉಳಿದಿವೆ, ಪ್ರವಾಸಿಗರು ಕಾರಿನಲ್ಲಿ ಹೋಗಿ ನೋಡಿ ಬರುತ್ತಾರೆ.

ಶೇಂಗಾ ಬೆಳೆಯುವ ಆ ಹನ್ನೊಂದು ಮನೆ ನೆನಪಾದವು. ಅವತ್ತೇ ನಾವು ರಾಷ್ಟ್ರೀಯ ಉದ್ಯಾನ ಅನ್ನುವ ಮಾತನ್ನು ಮನವಿಯಿಂದ ಹೊಡೆದು ಹಾಕಿದೆವು. ನಿಮ್ಮ ಗುಡ್ಡದಲ್ಲಿ ಯಾರೂ ಮೇಯಿಸುವುದಿಲ್ಲ, ಯಾರೂ ಉಳುವುದಿಲ್ಲ ಅಂದರೆ ಧಾರಾಳವಾಗಿ ಕೇಳಿ. ಬಯಲುಸೀಮೆಯಲ್ಲಿ ಅಂಥ ಗುಡ್ಡ ನಾನಂತೂ ನೋಡಿಲ್ಲ.

ಹಟ್ಟಿಗೆ ಹೋಗುವುದು

ಇದನ್ನು ಉದ್ದಕ್ಕೆ ಬರೆಯುತ್ತೇನೆ, ಯಾಕಂದರೆ ಉಳಿದದ್ದೆಲ್ಲ ಕಾಗದದ ಕೆಲಸ.

ಫ್ಲೆಕ್ಸ್ ಬೇಡ. ಜೀಪ್ ಬೇಡ. ಇಬ್ಬರೇ ಹೋಗಿ. ಕುರಿ ಹೊಡೆದುಕೊಂಡು ಹೋದ ಮೇಲೆ ಹಟ್ಟಿಯಲ್ಲಿ ಗಂಡಸರು ಸಿಗುವುದಿಲ್ಲ. ಸಂಜೆ ಕುರಿ ರೊಪ್ಪಕ್ಕೆ ಬಂದ ಮೇಲೆ ಹೋಗಿ. ಗೊಲ್ಲರಹಟ್ಟಿ ಆದರೆ ದೇವರ ಗುಡಿ ಎಲ್ಲಿದೆ, ಚಪ್ಪಲಿ ಎಲ್ಲಿ ಬಿಡಬೇಕು ಅಂತ ಮೊದಲೇ ಕೇಳಿಕೊಳ್ಳಿ. ಮೊದಲ ಸಲ ಗುಡ್ಡದ ಮಾತೇ ಎತ್ತಬೇಡಿ. ಮಳೆ, ಮೇವು, ಕುರಿ ರೇಟು ಮಾತಾಡಿ ಬನ್ನಿ.

ನನ್ನನ್ನು ನೋಡಿದ ಕೂಡಲೇ ಒಬ್ಬ ಅಜ್ಜ ಕೇಳಿದ್ದು: "ನೀವು ಸರ್ವೆಯೋರಲ್ವಾ? ಕಲ್ಲು ನೆಡಕ್ಕೆ ಬಂದ್ರಾ?"

"ಇಲ್ಲ ಯಜಮಾನ್ರೆ, ರಿಟೈರ್ ಆಗಿದೀನಿ. ಕೇಳಕ್ಕೆ ಬಂದಿದೀನಿ."

"ಏನ್ ಕೇಳ್ತೀರಿ? ಚಳ್ಳಕೆರೆ ಕಾವಲಿಗೆ ಗೋಡೆ ಬಂತಲ್ಲ, ಅವಾಗ ಯಾರು ಯಾರನ್ನ ಕೇಳಿದ್ರು?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಚಳ್ಳಕೆರೆ ಕಡೆ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೋಯಿತು. ಗೋಡೆ ಏಳುವಾಗಲೇ ಎಷ್ಟೋ ಊರಿನವರಿಗೆ ವಿಷಯ ಗೊತ್ತಾದದ್ದು. ನಮ್ಮ ಜಿಲ್ಲೆಯ ಕುರಿಗಾಹಿಗೆ ರಕ್ಷಣೆ ಅಂದರೆ ಆ ಗೋಡೆಯೇ ಕಣ್ಣ ಮುಂದೆ ಬರುತ್ತದೆ. ನೀವು ಏನೇ ಹೇಳುವ ಮೊದಲು ಇದು ನೆನಪಿರಲಿ.

ನಾಲ್ಕನೇ ಭೇಟಿಯಲ್ಲಿ ನಾನು ಗ್ರಾಮ ನಕ್ಷೆಯನ್ನು ನೆಲಕ್ಕೆ ಹಾಸಿದೆ. ಅಜ್ಜನಿಗೆ ಓದಲು ಬರುವುದಿಲ್ಲ, ಆದರೆ ಹಳ್ಳ ಯಾವುದು, ದಿಬ್ಬ ಯಾವುದು ಅಂತ ಎರಡು ನಿಮಿಷಕ್ಕೆ ಹಿಡಿದುಬಿಟ್ಟ. ಕಲ್ಲು, ಕಡ್ಡಿ ಇಟ್ಟು ತೋರಿಸಿದ. ಆಗ ನಮಗೆ ತಿಳಿದದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ. ಕುರಿಗೆ ಗುಡ್ಡ ವರ್ಷವಿಡೀ ಬೇಡ. ಮುಂಗಾರಿನಲ್ಲಿ ಹೊಲದಲ್ಲಿ ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಇರುತ್ತದೆ. ಕುರಿ ಹೊಲಕ್ಕೆ ಬಿಟ್ಟರೆ ಜಗಳ. ಆಗ ಗುಡ್ಡವೇ ಗತಿ. ಫಸಲು ಕೊಯ್ದ ಮೇಲೆ ರೈತರೇ ಕರೆದು ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ, ಗೊಬ್ಬರ ಆಗಲಿ ಅಂತ. ಅಂದರೆ ನಾಲ್ಕೈದು ತಿಂಗಳು, ಅದೂ ಬುಡದ ಗೋಮಾಳ ಮತ್ತು ಪೂರ್ವದ ಇಳಿಜಾರು. ನೆತ್ತಿಗೆ ಅವರು ಹೋಗುವುದೇ ಇಲ್ಲ, ಅಲ್ಲಿ ಕರಡಿ ಕಾಟ.

ಕರಡಿ ಇರುವ ಜಾಗ ನಮಗೆ ಬೇಕಾಗಿತ್ತು. ಕುರಿ ಮೇಯುವ ಜಾಗ ಅವರಿಗೆ ಬೇಕಾಗಿತ್ತು. ಎರಡೂ ಬೇರೆ ಬೇರೆ! ಇದಕ್ಕಾಗಿ ಒಂದು ವರ್ಷ ಕಚ್ಚಾಡಿದ್ದೆವು.

ಒಂದು ವಿಷಯದಲ್ಲಿ ಮಾತ್ರ ಜಗ್ಗಾಟ ಆಯಿತು. ಚಿಗುರು ಹುಲ್ಲು ಬರಲಿ ಅಂತ ಬೇಸಿಗೆಗೆ ಮೊದಲು ಗುಡ್ಡಕ್ಕೆ ಬೆಂಕಿ ಹಚ್ಚುವುದು. ಬಾದೆ ಹುಲ್ಲು ಒಣಗಿ ನಿಂತಾಗ ಒಂದು ಕಡ್ಡಿ ಗೀರಿದರೆ ಇಡೀ ರಾತ್ರಿ ಉರಿಯುತ್ತದೆ. ನಾವು ಹಟ ಹಿಡಿದೆವು. ಅವರು ನಮ್ಮನ್ನೇ ಕೇಳಿದರು, "ಬೀಡಿ ಸೇದಿ ಬಿಸಾಕೋ ನಿಮ್ಮ ಟೌನ್ ಹುಡುಗ್ರಿಗೆ ಯಾರು ಹೇಳ್ತಾರೆ?" ಕೊನೆಗೆ ಒಪ್ಪಂದ ಆಯಿತು. ಬೆಂಕಿ ಅವರು ಹಚ್ಚುವುದಿಲ್ಲ. ಮೇವಿನ ಹಕ್ಕನ್ನು ನಮ್ಮ ಮನವಿಯಲ್ಲೇ ಬರೆಯಬೇಕು. ಜಾತ್ರೆಗೆ ಮುಳ್ಳು, ಕಂಟಿ ಕಡಿಯುವ ಜಾಗ ಗಡಿಯಿಂದ ಹೊರಗೆ ಇರಬೇಕು. ಚಳ್ಳಕೆರೆ ತಾಲೂಕಿನ ಕ್ಯಾತಪ್ಪನ ಜಾತ್ರೆಯಲ್ಲಿ ಮುಳ್ಳಿನ ಗುಡಿಯನ್ನು ಬರಿಗಾಲಲ್ಲಿ ಹತ್ತುವುದನ್ನು ನೋಡಿದವರಿಗೆ ಕಂಟಿ ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನೆಲ್ಲ ಗ್ರಾಮ ಸಭೆಯಲ್ಲಿ ಠರಾವು ಮಾಡಿಸಿ. ನಡಾವಳಿ ಪುಸ್ತಕದ ನಕಲು ಸೀಲ್ ಹಾಕಿಸಿಕೊಂಡು ಬನ್ನಿ. 1,140 ಸಹಿಗಿಂತ ಈ ಎರಡು ಹಾಳೆ ತೂಕ ಜಾಸ್ತಿ.

ಪ್ರಾಣಿ ಇದೆ ಅಂತ ತೋರಿಸುವುದು

ಚಿರತೆ ಇದೆ ಅಂತ ಬಾಯಲ್ಲಿ ಹೇಳಿದರೆ ಆಗುವುದಿಲ್ಲ. ದಿನಾಂಕ, ಸಮಯ, ಜಾಗ ಇರುವ ಫೋಟೊ ಬೇಕು. ಅನುಮತಿ ಇಲ್ಲದೆ ಕ್ಯಾಮೆರಾ ಟ್ರ್ಯಾಪ್ ಕಟ್ಟಬೇಡಿ, ಅರಣ್ಯ ಇಲಾಖೆಯವರ ಜೊತೆ ಸೇರಿ ಮಾಡಿ. ಅಂಚಿನಲ್ಲೇ ಬೇಕಾದಷ್ಟು ಸಿಗುತ್ತದೆ. ಸೀತಾಫಲದ ಕಾಲದಲ್ಲಿ ಕರಡಿಯ ಲದ್ದಿ ನೋಡಿ, ಬರೀ ಕಪ್ಪು ಬೀಜ. ಕೊಂಡುಕುರಿ ನಾಚಿಕೆಯ ಪ್ರಾಣಿ, ಕಾಣುವುದೇ ಇಲ್ಲ. ಆದರೆ ಅದು ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ, ಅಲ್ಲಿ ಗುಪ್ಪೆ ಬಿದ್ದಿರುತ್ತದೆ. ಗಂಡಿಗೆ ನಾಲ್ಕು ಕೊಂಬು. ಭಾರತ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ನಮ್ಮ ಗುಡ್ಡದಲ್ಲಿ ಅದರ ಹಿಕ್ಕೆ ಗುಪ್ಪೆ ಎಲ್ಲಿದೆ ಅಂತ ತೋರಿಸಿದ್ದು ಅದೇ ಹಟ್ಟಿಯ ಒಂಬತ್ತನೇ ಕ್ಲಾಸಿನ ಹುಡುಗಿ.

ಗಿಡಮರಗಳ ಪಟ್ಟಿಯನ್ನೂ ಮಾಡಿ. ದಿಂಡಿಗ, ಕಮರ, ಕಗ್ಗಲಿ, ಬಂದರಿಕೆ. ಊರವರು ಹೇಳುವ ಹೆಸರನ್ನೇ ಮೊದಲು ಬರೆಯಿರಿ, ಸಸ್ಯಶಾಸ್ತ್ರದ ಹೆಸರನ್ನು ಮೇಡಂಗಳು ಆಮೇಲೆ ಸೇರಿಸಲಿ.

ಕಾಗದ

ಕೆಂಪು ನಂಬರಿನ ವಿಷಯ ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ನಮ್ಮ ಬ್ಯಾಂಕ್ ಗೆಳೆಯರು ಮೊದಲ ಸಲ ಮೂರು ಪುಟ ಬರೆದಿದ್ದರು, ವಾಪಸ್ ಬಂತು. "ಇಂಥ ಸರ್ವೆ ನಂಬರಿನಲ್ಲಿ ಗಣಿ ಗುತ್ತಿಗೆಗೆ ಬಂದ ಅರ್ಜಿಗಳ ಪಟ್ಟಿ ಕೊಡಿ" ಅಂತ ಕೇಳಿ, ಅಷ್ಟೇ. "ಯಾಕೆ ಕೊಟ್ಟಿರಿ" ಅಂತ ಕೇಳಬೇಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಮನವಿ ಒಂದೇ ಪುಟ ಇರಲಿ. ಮೇಲೆ ಏನು ಕೇಳುತ್ತೀರಿ, ಕೆಳಗೆ ಯಾಕೆ. ಹಿಂದೆ ಲಗತ್ತು: ನಕ್ಷೆ, ಸರ್ವೆ ನಂಬರ್ ಪಟ್ಟಿ, ಠರಾವು, ಫೋಟೊ. ವಿಸ್ತೀರ್ಣವನ್ನು ಎಕರೆಯಲ್ಲೂ ಚದರ ಕಿಲೋಮೀಟರಿನಲ್ಲೂ ಬರೆಯಿರಿ. ಒಂದು ಚದರ ಕಿಲೋಮೀಟರ್ ಅಂದರೆ 247 ಎಕರೆ. ಹಳ್ಳಿಯವರಿಗೆ ಎಕರೆ ಅರ್ಥ ಆಗುತ್ತದೆ, ಬೆಂಗಳೂರಿನವರಿಗೆ ಕಿಲೋಮೀಟರ್. ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಅವರಿಗೆ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಒಂದು ಪ್ರತಿ ಅರಣ್ಯ ಭವನಕ್ಕೆ, ಮುಖ್ಯ ವನ್ಯಜೀವಿ ಪರಿಪಾಲಕರಿಗೆ. ಪ್ರಸ್ತಾವ ಕೊನೆಗೆ ರಾಜ್ಯ ವನ್ಯಜೀವಿ ಮಂಡಳಿಗೆ ಹೋಗುತ್ತದೆ. ಅದಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಮೂವರು ಶಾಸಕರೂ ಸದಸ್ಯರಾಗಿ ಇರುತ್ತಾರೆ, ಅವರು ಯಾರು ಅಂತ ತಿಳಿದುಕೊಳ್ಳಿ. ನಿಮ್ಮ ಶಾಸಕರ ಹತ್ತಿರ ಹೋಗುವಾಗ ಹಟ್ಟಿಯ ಯಜಮಾನರನ್ನು ಮುಂದೆ ಬಿಟ್ಟು ನೀವು ಹಿಂದೆ ನಿಲ್ಲಿ. ಪೇಪರಿನವರನ್ನು ಕರೆಯುವುದು ಇದಾದ ಮೇಲೆ.

ಕಾಯುವುದು ಬಹಳ ಇರುತ್ತದೆ. ಅದಕ್ಕೆ ಯಾವ ಉಪಾಯವೂ ನನಗೆ ತಿಳಿದಿಲ್ಲ. ತಿಂಗಳಿಗೊಮ್ಮೆ ಹೋಗಿ ಫೈಲ್ ಯಾರ ಟೇಬಲ್ ಮೇಲಿದೆ ಅಂತ ಕೇಳಿ ಬನ್ನಿ. ಸಿಟ್ಟು ಮಾಡಬೇಡಿ. ನಾನೂ ಆ ಕಡೆ ಕುರ್ಚಿಯಲ್ಲಿ ಕೂತವನೇ. ಸಿಟ್ಟು ಮಾಡಿದವರ ಫೈಲ್ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತು.

ಅಧಿಸೂಚನೆ ಬಂತು ಅಂತ ಪಟಾಕಿ ಹೊಡೆದು ಮನೆಗೆ ಹೋಗಬೇಡಿ. ಅದು ಉದ್ದೇಶದ ಅಧಿಸೂಚನೆ, ಅಂದರೆ ಘೋಷಿಸುವ ಉದ್ದೇಶ ಇದೆ ಅಂತ ಮಾತ್ರ ಹೇಳುವ ಮೊದಲ ಅಧಿಸೂಚನೆ ಆಗಿದ್ದರೆ, ಜಿಲ್ಲಾಧಿಕಾರಿ 60 ದಿನದೊಳಗೆ ಸುತ್ತಲಿನ ಪ್ರತಿ ಊರಿನಲ್ಲೂ ಕನ್ನಡದಲ್ಲಿ ಪ್ರಕಟಣೆ ಹಾಕಬೇಕು. ಅದು ಬಂದ ದಿನದಿಂದ ಎರಡು ತಿಂಗಳೊಳಗೆ ಹಕ್ಕು ಇರುವವರು ಬರೆದು ಕೊಡಬೇಕು. ಕೊಡದಿದ್ದರೆ, ಸರ್ಕಾರಿ ದಾಖಲೆಯಲ್ಲಿ ಇಲ್ಲದ ಹಕ್ಕು ಕಾಗದದಲ್ಲಿ ಬರುವುದು ಕಷ್ಟ. ರಿಸರ್ವ್ ಫಾರೆಸ್ಟ್ ಭಾಗವನ್ನು ಧಾಮ ಮಾಡುವುದಾದರೆ ಈ ವಿಚಾರಣೆ ಇಲ್ಲದೆಯೇ ನೇರವಾಗಿ ಘೋಷಿಸಲು ಕಾಯ್ದೆಯಲ್ಲಿ ದಾರಿ ಇದೆ. ಹಾಗಾಗಿ ಮೇವಿನ ವಿಷಯ ಮನವಿಯಲ್ಲಿ, ಠರಾವಿನಲ್ಲಿ ಮೊದಲೇ ಬಂದಿರಬೇಕು. ಪ್ರಕಟಣೆಯನ್ನು ಪಂಚಾಯಿತಿ ಬೋರ್ಡಿಗೆ ಅಂಟಿಸಿದರೆ ಹಟ್ಟಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ನೀವೇ ಹೋಗಿ ಓದಿ ಹೇಳಿ.

ನಮ್ಮ ಗುಡ್ಡದ ನೆತ್ತಿಗೆ ಧಾಮ, ಬುಡದ ಗೋಮಾಳ ಹೊರಗೆ, ಜಗಳದ 40 ಎಕರೆಗೆ ಮೊದಲು ಎರಡೂ ಇಲಾಖೆ ಸೇರಿ ಜಂಟಿ ಸರ್ವೆ. ಹೀಗಿದೆ ನಾವು ಕೊಟ್ಟಿರುವ ಮನವಿ. ಜಂಟಿ ಸರ್ವೆಗೆ ಇನ್ನೂ ದಿನ ಕೊಟ್ಟಿಲ್ಲ. ಆ ಹನ್ನೊಂದು ಮನೆಯವರ ಹಕ್ಕಿನ ಅರ್ಜಿಯನ್ನು ನಾನು ಈಗಲೇ ಬರೆದು ಹನ್ನೊಂದು ಪ್ರತಿ ತೆಗೆಸಿ ಇಟ್ಟಿದ್ದೇನೆ. ಹೆಸರು, ಎಕರೆ, ಗುಂಟೆ ಎಲ್ಲ ತುಂಬಿದೆ. ದಿನಾಂಕದ ಜಾಗ ಮಾತ್ರ ಖಾಲಿ.